ಗಿಡುಗ ಪಳಗಿಸುವ ವಿದ್ಯೆ: ರಾಯಚೂರು ಸೀಮೆಯಲ್ಲಿ ಒಂದು ದಿನದ ಪಾಠ

ರಾಯಚೂರು: ಎಡಗೈಗೆ ದಪ್ಪ ಚರ್ಮದ ಗವಸು ತೊಟ್ಟು, ಬೆರಳ ಸಂದಿಯಲ್ಲಿ ಮಾಂಸದ ಚೂರು ಹಿಡಿದು ಬಯಲಿನಲ್ಲಿ ನಿಂತರೆ ದೂರದ ಮರದಿಂದ ಗಿಡುಗವೊಂದು ನೆಲಮಟ್ಟದಲ್ಲಿ ಹಾರಿಬಂದು ಮುಂಗೈಯ ಮೇಲೆ ಕೂರುತ್ತದೆ. ಬ್ರಿಟನ್ನಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಪ್ರವಾಸಿಗರು ಶುಲ್ಕ ಕೊಟ್ಟು ಅರ್ಧ ದಿನ, ಒಂದು ದಿನ ಕಲಿಯುವ ಪಾಠ ಇದು. ದುಬೈ, ಅಬುಧಾಬಿಗಳಿಗೆ ಹೋಗಿಬಂದ ಬಂಧುಗಳ ಮೊಬೈಲಿನಲ್ಲಿ ಇಂಥ ಚಿತ್ರ ನೋಡಿದವರು ನಮ್ಮಲ್ಲಿಯೂ ಇದಕ್ಕೆ ಅವಕಾಶವಿದೆಯೇ ಎಂದು ಕೇಳುವುದು ಸಹಜ.

ನಮ್ಮ ಕಾಡುಮೇಡಿನ ಯಾವ ಬೇಟೆಹಕ್ಕಿಯನ್ನೂ ಹೀಗೆ ಕೈಮೇಲೆ ಕೂರಿಸಿ ಕಲಿಸುವಂತಿಲ್ಲ. ಕಾನೂನು ಅದಕ್ಕೆ ಅಡ್ಡ ನಿಂತಿದೆ. ಆದರೆ ಈ ವಿದ್ಯೆಯ ಬಗ್ಗೆ ಸವಿಸ್ತಾರವಾಗಿ ಬರೆದ ಭಾರತದ ಹಳೆಯ ಗ್ರಂಥಗಳಲ್ಲೊಂದು ಕನ್ನಡ ನೆಲದ ಅರಸನದು. ಅದರಲ್ಲಿ ಬರುವಂಥ ಹಕ್ಕಿಗಳನ್ನು ಕೈಗವಸಿಲ್ಲದೆ, ಅವುಗಳ ಪಾಡಿಗೆ ಅವು ಬೇಟೆಯಾಡುತ್ತಿರುವಾಗಲೇ ನೋಡಬಹುದಾದ ಬಯಲುಗಳೂ ಇಲ್ಲೇ ಇವೆ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ರಾಯಚೂರು, ಮಾನ್ವಿ, ದೇವದುರ್ಗಗಳನ್ನು ಚಳಿಗಾಲದ ಒಂದು ದಿನದಲ್ಲಿ ಸುತ್ತಿ ಬರಬಹುದು.

ವಿದ್ಯೆಯ ಸ್ವರೂಪ

ಗಿಡುಗವನ್ನು ಸಾಕುವುದು ನಾಯಿಯನ್ನು ಸಾಕಿದಂತಲ್ಲ. ಅದು ಒಡೆಯನನ್ನು ಪ್ರೀತಿಸುವುದಿಲ್ಲ, ಹೊಗಳಿಕೆಗೆ ಬಾಲ ಅಲ್ಲಾಡಿಸುವುದಿಲ್ಲ. ಒಂಟಿಯಾಗಿ ಅಲೆದು ಹಿಡಿಯುವುದಕ್ಕಿಂತ ಈ ಮನುಷ್ಯನ ಬಳಿ ಆಹಾರ ಸುಲಭವಾಗಿ ಸಿಗುತ್ತದೆ ಎಂಬ ಲೆಕ್ಕಾಚಾರವೊಂದೇ ಅದನ್ನು ಕೈಗೆ ಮರಳಿಸುತ್ತದೆ. ಹೊಟ್ಟೆ ತುಂಬಿದ ಹಕ್ಕಿಯನ್ನು ಹಾರಿಬಿಟ್ಟರೆ ಅದು ಮರದ ತುದಿಯಲ್ಲಿ ಕುಳಿತು ಕರೆದರೂ ತಿರುಗಿ ನೋಡದು, ಹಸಿವು ಮಿತಿಮೀರಿದರೆ ಬಳಲಿ ಸಾಯುವುದು. ಆದುದರಿಂದಲೇ ಪ್ರತಿದಿನ ಬೆಳಗ್ಗೆ ಹಕ್ಕಿಯನ್ನು ತಕ್ಕಡಿಯಲ್ಲಿ ತೂಗುವುದು ಈ ವಿದ್ಯೆಯ ಮೊದಲ ನಿಯಮ. ನೂರಿನ್ನೂರು ಗ್ರಾಂ ತೂಗುವ ಸಣ್ಣ ಗಿಡುಗಕ್ಕೆ ಹತ್ತು ಗ್ರಾಮಿನ ವ್ಯತ್ಯಾಸವೂ ದೊಡ್ಡದು. ಶಿಬಿ ಚಕ್ರವರ್ತಿಯ ಕಥೆಯಲ್ಲಿ ಗಿಡುಗ ಮತ್ತು ತಕ್ಕಡಿ ಒಟ್ಟಿಗೆ ಬರುವುದು ಆಕಸ್ಮಿಕವಿರಬಹುದು. ಆದರೂ ಕಥೆಯ ಗಿಡುಗ ಮುಂದಿಡುವ ವಾದ, ನನ್ನ ಆಹಾರ ಕಸಿದರೆ ನನ್ನ ಗತಿಯೇನು ಎಂಬುದು, ಪಳಗಿಸುವವನು ದಿನವೂ ಕೇಳಿಸಿಕೊಳ್ಳಬೇಕಾದ ವಾದವೇ ಆಗಿದೆ.

ಸಲಕರಣೆಗಳು ಸಾವಿರ ವರ್ಷಗಳಲ್ಲಿ ಹೆಚ್ಚು ಬದಲಾಗಿಲ್ಲ. ಕಾಲಿಗೆ ಮೆದು ಚರ್ಮದ ಪಟ್ಟಿ, ಹಾರಿದ ಹಕ್ಕಿ ಎಲ್ಲಿ ಕುಳಿತಿದೆ ಎಂದು ತಿಳಿಯಲು ಸಣ್ಣ ಗೆಜ್ಜೆ, ಕಲಿಕೆಯ ಆರಂಭದಲ್ಲಿ ಕಟ್ಟುವ ಉದ್ದನೆಯ ದಾರ, ಮರಳಿ ಕರೆಯಲು ಬೀಸುವ ರೆಕ್ಕೆಯ ಕಟ್ಟು, ಕಣ್ಣು ಮುಚ್ಚಲು ಚರ್ಮದ ಪುಟ್ಟ ಟೊಪ್ಪಿಗೆ, ಇಷ್ಟೆ. ಪಾರಸಿಯವರು ಈ ಟೊಪ್ಪಿಗೆಯನ್ನು ‘ಕುಲಾಹ್’ ಎನ್ನುತ್ತಿದ್ದರು. ನಮ್ಮ ಮನೆಗಳಲ್ಲಿ ಕೂಸಿನ ತಲೆಗೆ ಹಾಕುವ ಕುಲಾವಿಯ ಮೂಲವೂ ಅದೇ ಶಬ್ದ. ಇತ್ತೀಚಿನ ದಶಕಗಳಲ್ಲಿ ಹೊಸದಾಗಿ ಸೇರಿದ್ದೆಂದರೆ ಹಕ್ಕಿಗೆ ಕಟ್ಟುವ ರೇಡಿಯೋ ಮತ್ತು ಜಿಪಿಎಸ್ ಸಾಧನ ಮಾತ್ರ.

ಹಿಂದೂಸ್ತಾನದ ಹಳೆಯ ಗಿಡುಗಪಾಲಕರು ಹಕ್ಕಿಗಳನ್ನು ಕಣ್ಣಿನ ಬಣ್ಣದಿಂದ ಎರಡು ಪಂಗಡ ಮಾಡಿದ್ದರು. ಕಪ್ಪುಗಣ್ಣಿನವು ‘ಸಿಯಾಹ್ ಚಶ್ಮ್’, ಹಳದಿಗಣ್ಣಿನವು ‘ಗುಲಾಬ್ ಚಶ್ಮ್’. ಮೊದಲ ಪಂಗಡದವು ಉದ್ದನೆಯ ಚೂಪು ರೆಕ್ಕೆಯ ಚಾಣಗಳು. ಬೈರಿ, ಶಾಹೀನ್, ಲಗ್ಗರ್, ತುರುಮ್ತಿ ಇದರಲ್ಲಿ ಸೇರುತ್ತವೆ. ತೆರೆದ ಆಕಾಶದಲ್ಲಿ ಎತ್ತರಕ್ಕೇರಿ ಮೇಲಿನಿಂದ ಎರಗುವುದು ಇವುಗಳ ಕ್ರಮ. ಬೈರಿ ಎರಗುವಾಗ ಗಂಟೆಗೆ 300 ಕಿ.ಮೀ.ಗೂ ಮಿಕ್ಕಿದ ವೇಗ ಮುಟ್ಟುತ್ತದೆ. ಎರಡನೆಯ ಪಂಗಡದವು ಗಿಡ್ಡ ದುಂಡು ರೆಕ್ಕೆಯ, ಉದ್ದ ಬಾಲದ ಗಿಡುಗಗಳು. ಬಾಜ್, ಬಾಶಾ, ಶಿಕ್ರಾಗಳು ಮರಗಳ ಮರೆಯಿಂದ ಹಠಾತ್ತನೆ ನುಗ್ಗುವಂಥವು. ಈ ವಿಂಗಡಣೆ ಕೇವಲ ಅನುಭವದಿಂದ ಬಂದದ್ದು. ವಿಜ್ಞಾನ ಇದನ್ನು ಎತ್ತಿಹಿಡಿದದ್ದು ಬಹಳ ತಡವಾಗಿ. ಚಾಣಗಳು ಹದ್ದು-ಗಿಡುಗಗಳಿಗಿಂತ ಗಿಳಿಗಳಿಗೆ ಹತ್ತಿರದ ಸಂಬಂಧಿಗಳೆಂದು ವಂಶವಾಹಿಗಳ ದೊಡ್ಡ ಅಧ್ಯಯನವೊಂದು 2008ರಲ್ಲಿ ತೋರಿಸಿತು.

ಬಹುತೇಕ ಬೇಟೆಹಕ್ಕಿಗಳಲ್ಲಿ ಹೆಣ್ಣೇ ಗಾತ್ರದಲ್ಲಿ ದೊಡ್ಡದು. ಆದಕಾರಣ ಹೆಸರುಗಳೂ ಹೆಣ್ಣಿಗೊಂದು ಗಂಡಿಗೊಂದು ಇದ್ದವು. ಹೆಣ್ಣು ಬಾಜ್, ಗಂಡು ಜುರ್ರಾ. ಹೆಣ್ಣು ಲಗ್ಗರ್, ಗಂಡು ಝಗ್ಗರ್. ಹೆಣ್ಣು ಶಿಕ್ರಾ, ಗಂಡು ಚಿಪ್ಪಕ್. ಭಾರತದಲ್ಲಿ ಬೇಟೆಗೆ ಬಳಸುತ್ತಿದ್ದ ಹಕ್ಕಿಗಳ ಕುರಿತು ಸೇನಾಧಿಕಾರಿ ಡೆಲ್ಮೆ ರಾಡ್‌ಕ್ಲಿಫ್ 1871ರಲ್ಲಿ ಪ್ರಕಟಿಸಿದ ಕಿರುಹೊತ್ತಿಗೆ ಇಂತಹ ವಿವರಗಳಿಗೆ ಇಂದಿಗೂ ಉಪಯುಕ್ತ.

ಸೋಮೇಶ್ವರನ ಗ್ರಂಥ, ಸಾಳುವರ ಹೆಸರು

ಗಿಡುಗಬೇಟೆ ಮುಸಲ್ಮಾನ ಅರಸರೊಂದಿಗೆ ಬಂದ ಹವ್ಯಾಸವೆಂಬ ನಂಬಿಕೆ ಸಾಮಾನ್ಯ. ಶಬ್ದಗಳಲ್ಲಿ ಅನೇಕವು ಪಾರಸಿಯವೇ ಆಗಿರುವುದರಿಂದ ಹೀಗೆ ತೋರುವುದು ಸಹಜ. ಆದರೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಅದಕ್ಕೂ ಹಿಂದಿನದು. ಐದು ವಿಂಶತಿಗಳ, ನೂರು ಅಧ್ಯಾಯಗಳ ಈ ಗ್ರಂಥದಲ್ಲಿ ಅರಸನ ವಿನೋದಗಳಿಗೆಂದೇ ಒಂದು ವಿಂಶತಿ ಮೀಸಲು. ಆನೆ, ಕುದುರೆ, ಕೋಳಿಯಂಕ, ಮೀನುಬೇಟೆಗಳ ಸಾಲಿನಲ್ಲಿಯೇ ಶ್ಯೇನ ವಿನೋದವೂ ಬರುತ್ತದೆ. ಹಕ್ಕಿಯನ್ನು ಹಿಡಿಯುವುದು, ಪಳಗಿಸುವುದು, ಬೇಟೆಗೆ ಬಿಡುವುದು ಎಲ್ಲವೂ ಅಲ್ಲಿ ನಿರೂಪಿತವಾಗಿವೆ. ಉತ್ತರದ ಕುಮಾವೂಂ ಪ್ರಾಂತದ ರುದ್ರದೇವನ ಹೆಸರಿನಲ್ಲಿರುವ ‘ಶ್ಯೈನಿಕ ಶಾಸ್ತ್ರ’ ಇದಕ್ಕಿಂತ ಹೆಚ್ಚು ಪ್ರಸಿದ್ಧವಾದರೂ ಅದು ಶತಮಾನಗಳ ನಂತರದ್ದು. ಅದನ್ನು ಹರಪ್ರಸಾದ ಶಾಸ್ತ್ರಿಗಳು 1910ರಲ್ಲಿ ಕಲ್ಕತ್ತೆಯಲ್ಲಿ ಅನುವಾದಸಹಿತ ಪ್ರಕಟಿಸಿದರು.

ಚಾಲುಕ್ಯರ ಕಾಲದಲ್ಲಿ ರಾಯಚೂರು ಸೀಮೆಗೆ ಎಡೆದೊರೆ ನಾಡೆಂಬ ಹೆಸರಿತ್ತು. ಎರಡು ತೊರೆಗಳ ನಡುವಿನ ನಾಡು. ಇಲ್ಲಿನ ಭಾಷೆಯಲ್ಲಿ ಬೇಟೆಹಕ್ಕಿಗಳ ಹೆಸರು ಕಡಿಮೆಯಿರಲಿಲ್ಲ. ಗಿಡುಗ, ಡೇಗೆ, ಸಾಳುವ, ಚಾಣ ಎಲ್ಲವೂ ಕನ್ನಡ ನಿಘಂಟುಗಳಲ್ಲಿವೆ. ತೆಲುಗಿನವರಿಗೂ ಡೇಗ ಪರಿಚಿತ. ಇವುಗಳಲ್ಲಿ ‘ಸಾಳುವ’ ಎಂಬುದಕ್ಕೆ ಮನುಷ್ಯರ ಚರಿತ್ರೆಯಲ್ಲಿಯೂ ಸ್ಥಾನ ದೊರೆಯಿತು. ಬೇಟೆಗೆ ಬಳಸುವ ಗಿಡುಗ ಎಂಬುದು ಅದರ ಅರ್ಥ. 1276ರಲ್ಲಿ ದೋರಸಮುದ್ರದ ಮೇಲೆ ದಂಡೆತ್ತಿ ಬಂದ ಸೇವುಣರ ದಂಡನಾಯಕ ಸಾಳುವ ತಿಕ್ಕಮ. ಕುಮಾರ ಕಂಪಣನ ಮಧುರೆಯ ದಂಡಯಾತ್ರೆಯಲ್ಲಿ ಹೆಸರು ಮಾಡಿದವನು ಸಾಳುವ ಮಂಗು. ಅದೇ ಮನೆತನದ ಸಾಳುವ ನರಸಿಂಹ 1485ರಲ್ಲಿ ವಿಜಯನಗರದ ಸಿಂಹಾಸನವೇರಿದನು. ಈ ವಂಶದವರು ತಮ್ಮ ಮೂಲವನ್ನು ಕಲ್ಯಾಣದ ಸೀಮೆಗೇ ಒಯ್ಯುತ್ತಾರೆ. ಹೀಗೆ ಗಿಡುಗದ ಹೆಸರು ಹೊತ್ತ ಅರಸುಮನೆತನವೊಂದು ಇತಿಹಾಸದ ಪಠ್ಯದಲ್ಲಿದ್ದರೂ ವಿದ್ಯಾರ್ಥಿಗಳಿಗೆ ಆ ಶಬ್ದದ ಅರ್ಥ ಹೇಳಿಕೊಡುವವರು ವಿರಳ.

ಕಾನೂನಿನ ಮಾತು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದಕ್ಕೆ ಕೊಲ್ಲುವುದಷ್ಟೇ ಅರ್ಥವಲ್ಲ. ಹಿಡಿಯುವುದು, ಬಲೆಯೊಡ್ಡುವುದು, ಉರುಲು ಹಾಕುವುದು, ಗೂಡು ಕೆಡಿಸುವುದು, ಮೊಟ್ಟೆ ತೆಗೆಯುವುದು, ಇವುಗಳಿಗೆ ಯತ್ನಿಸುವುದು ಸಹ ಬೇಟೆಯೇ. ಗಿಡುಗ, ಚಾಣ, ಹದ್ದುಗಳು ಕಾಯ್ದೆಯ ಸಂರಕ್ಷಿತ ಪಟ್ಟಿಗಳಲ್ಲಿರುವುದರಿಂದ ಮರಿಯನ್ನು ಗೂಡಿನಿಂದ ಇಳಿಸಿ ಸಾಕುವುದು ಅಪರಾಧ. ಮೊದಲ ಅನುಸೂಚಿಯ ಪ್ರಾಣಿಪಕ್ಷಿಗಳ ವಿಷಯದಲ್ಲಿ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ ಹಾಗೂ ದಂಡ ಉಂಟು. ವಿದೇಶೀ ಹಕ್ಕಿಯಾದರೆ ನಡೆಯುತ್ತದೆ ಎಂದು ಮಾರಾಟಗಾರರು ಹೇಳುವುದುಂಟು. 2022ರ ತಿದ್ದುಪಡಿಯು ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪರದೇಶದ ಜೀವಿಗಳನ್ನು ಇಟ್ಟುಕೊಳ್ಳುವುದಕ್ಕೂ ನೋಂದಣಿಯನ್ನು ಕಡ್ಡಾಯ ಮಾಡಿದೆ ಎಂಬುದು ಗಮನಾರ್ಹ.

ಯುನೆಸ್ಕೋ ಸಂಸ್ಥೆಯು ಗಿಡುಗಪಾಲನೆಯನ್ನು 2010ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ 11 ದೇಶಗಳಿದ್ದವು, 2021ರ ವೇಳೆಗೆ 24 ಆದವು. ಪಾಕಿಸ್ತಾನ ಅದರಲ್ಲಿದೆ, ಭಾರತ ಇಲ್ಲ. ಹನ್ನೆರಡನೆಯ ಶತಮಾನದಲ್ಲೇ ಗ್ರಂಥಸ್ಥವಾದ ಪರಂಪರೆ ಹೀಗೆ ಪಟ್ಟಿಯ ಹೊರಗುಳಿದದ್ದಕ್ಕೆ ಕೊರಗುವವರಿದ್ದಾರೆ. ಆದರೆ ಒಂದು ಹಕ್ಕಿ ಪಳಗುವುದಕ್ಕೆ ಮುನ್ನ ಬಲೆಯಲ್ಲಿ, ಸಾಗಣೆಯಲ್ಲಿ, ಸಂತೆಯಲ್ಲಿ ಎಷ್ಟು ಹಕ್ಕಿಗಳು ಸಾಯುತ್ತಿದ್ದವು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಮುಂಜಾವು ರಾಯಚೂರಿನಲ್ಲಿ

ಕೈಮೇಲಿನ ಪಾಠ ಇಲ್ಲದಿರುವಾಗ ಕಣ್ಣಿನ ಪಾಠಕ್ಕೆ ತಕ್ಕ ಕಾಲ ನವೆಂಬರಿನಿಂದ ಫೆಬ್ರುವರಿ. ಬೇಸಿಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ದಾಟುವುದರಿಂದ ಹಕ್ಕಿಗೂ ನೋಡುಗರಿಗೂ ತ್ರಾಸ. ಒಂದು ದುರ್ಬೀನು, ನೀರು, ಟೊಪ್ಪಿಗೆ ಇದ್ದರೆ ಸಾಕು.

ಆರಂಭಕ್ಕೆ ನಗರದ ಕೋಟೆಯ ಬೆಟ್ಟವೇ ಯೋಗ್ಯ. ಕಾಕತೀಯರ ಅಧಿಕಾರಿ ಗೋರೆ ಗಂಗಯ್ಯರೆಡ್ಡಿಯ ಆಜ್ಞೆಯಂತೆ 1294ರಲ್ಲಿ ಕಟ್ಟಿದ ಈ ಕೋಟೆಯ ಗೋಡೆಯಲ್ಲಿ 41 ಅಡಿಗೂ ಹೆಚ್ಚು ಉದ್ದದ ಒಂದೇ ಕಲ್ಲಿನ ಮೇಲೆ ಶಾಸನವಿದೆ. 1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಗೆದ್ದದ್ದು ಇದೇ ಕೋಟೆಯನ್ನು. ಮೇಲೇರಿ ನಿಂತರೆ ಊರು, ಮಾವಿನಕೆರೆ, ಅದರಾಚೆಯ ಬಯಲು ಕಾಣುತ್ತವೆ. ನೆಲ ಕಾದು ಬಿಸಿಗಾಳಿ ಏಳುವ ಸುಮಾರು 9 ಗಂಟೆಯ ಹೊತ್ತಿಗೆ ಕರಿಹದ್ದುಗಳು ಒಂದೊಂದಾಗಿ ಸುತ್ತುತ್ತ ಮೇಲೇರುತ್ತವೆ. ಸಾಮಾನ್ಯ ಹಕ್ಕಿಯೆಂದು ಇದನ್ನು ಕಡೆಗಣಿಸಬಾರದು. ರೆಕ್ಕೆ ಬಡಿಯದೆ ಎತ್ತರ ಗಳಿಸುವುದು, ಕವಲುಬಾಲವನ್ನು ಚುಕ್ಕಾಣಿಯಂತೆ ತಿರುವುವುದು ಎಲ್ಲವನ್ನೂ ಮೇಲಿನಿಂದ, ಕಣ್ಣಿನ ಮಟ್ಟದಲ್ಲಿಯೇ ನೋಡಲು ಸಿಗುವ ಸ್ಥಳಗಳು ಕಡಿಮೆ.

ಕೆಳಗಿಳಿದ ಮೇಲೆ ಬೇವಿನಮರಗಳತ್ತ ಕಿವಿಗೊಡಬೇಕು. ಅಳಿಲುಗಳು ಒಮ್ಮೆಗೇ ಚಿಲಿಗುಟ್ಟಿ, ಹರಟೆಮಲ್ಲಗಳು ಗದ್ದಲವೆಬ್ಬಿಸಿ, ಮರುಕ್ಷಣ ಎಲ್ಲವೂ ನಿಶ್ಶಬ್ದವಾದರೆ ಅಲ್ಲಿ ಶಿಕ್ರಾ ಇರುವ ಸಂಭವ ಹೆಚ್ಚು. ಪಾರಿವಾಳದ ಗಾತ್ರದ, ಬೂದುಬೆನ್ನಿನ ಈ ಗಿಡುಗ ಓತಿಕ್ಯಾತ, ಅಳಿಲು, ಸಣ್ಣ ಹಕ್ಕಿಗಳನ್ನು ಹಿಡಿದು ಬದುಕುತ್ತದೆ. ಶಿಕಾರಿ ಎಂಬ ಶಬ್ದಕ್ಕೂ ಇದರ ಹೆಸರಿಗೂ ನಂಟಿದೆ. ಸುಲಭವಾಗಿ ಸಿಗುವ, ಬೇಗ ಪಳಗುವ ಹಕ್ಕಿಯಾದ್ದರಿಂದ ಬಡ ಗಿಡುಗಪಾಲಕರ ಕೈಯಲ್ಲಿರುತ್ತಿದ್ದುದು ಇದೇ. ಲಾವಕ್ಕಿ, ಕೌಜುಗಗಳ ಮೇಲೆ ಇದನ್ನು ಬಿಡುತ್ತಿದ್ದರು. ಹಳದಿಗಣ್ಣಿನ ಪಂಗಡಕ್ಕೆ ಇಷ್ಟು ಹತ್ತಿರದ ಉದಾಹರಣೆ ಬೇರೊಂದಿಲ್ಲ.

ಮಾನ್ವಿಯ ಗದ್ದೆ, ದೇವದುರ್ಗದ ಎರೆ

ಮಾನ್ವಿ ಎಂದೊಡನೆ ದಾಸಸಾಹಿತ್ಯ ಬಲ್ಲವರಿಗೆ ನೆನಪಾಗುವುದು ಜಗನ್ನಾಥದಾಸರು. ಹಕ್ಕಿ ನೋಡುವವರಿಗೆ ತುಂಗಭದ್ರಾ ಎಡದಂಡೆ ಕಾಲುವೆ. 1953ರಲ್ಲಿ ಅಣೆಕಟ್ಟು ಮುಗಿದ ಬಳಿಕ ಕಾಲುವೆಯ ನೀರು ಹರಿದು ಒಣಬೇಸಾಯದ ನೆಲ ಭತ್ತದ ಗದ್ದೆಯಾಯಿತು. ಗದ್ದೆಯೊಂದಿಗೆ ಇಲಿ ಬಂತು, ಕಪ್ಪೆ ಬಂತು, ಅವುಗಳ ಹಿಂದೆ ಬೇಟೆಹಕ್ಕಿಗಳೂ ಬಂದವು. ವಿದ್ಯುತ್ ತಂತಿಯ ಮೇಲೆ ಕೂತ ಬಿಳಿಬೂದು ಮೈಯ, ಕೆಂಗಣ್ಣಿನ, ಹೆಗಲಲ್ಲಿ ಕಪ್ಪು ಪಟ್ಟಿಯ ಪುಟ್ಟ ಹಕ್ಕಿ ಕಂಡರೆ ಅದು ರಾಮದಾಸ ಹದ್ದು. ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಕಾಲು ಇಳಿಬಿಟ್ಟು, ಮೆಟ್ಟಿಲಿಳಿದಂತೆ ಇಳಿದು ಇಲಿ ಹಿಡಿಯುತ್ತದೆ. ರೈತನಿಗೆ ಇದಕ್ಕಿಂತ ಕಡಿಮೆ ಖರ್ಚಿನ ಕೂಲಿಯಾಳು ಸಿಗಲಾರ. ಇಲಿಗೆ ವಿಷವಿಟ್ಟ ಗದ್ದೆಯಲ್ಲಿ ವಿಷ ತಿಂದ ಇಲಿಯೇ ಈ ಹಕ್ಕಿಗೂ ಮೃತ್ಯುವಾಗಬಹುದು.

ಇದೇ ಗದ್ದೆಗಳ ಮೇಲೆ ಚಳಿಗಾಲದಲ್ಲಿ ದೊಡ್ಡ ಕಂದು ಹಕ್ಕಿಯೊಂದು ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ತೇಲುತ್ತಿರುತ್ತದೆ. ಅದು ಜೌಗಿನ ಸೆಳೆವ. ಸೆಳೆವಗಳ ಪರಿಚಯ ಇಲ್ಲಿಂದ ಆರಂಭವಾದರೆ ಅದರ ಮುಂದಿನ ಭಾಗ ದೇವದುರ್ಗದ ಕಡೆ ಇದೆ.

ದಾರಿಯಲ್ಲಿ ಗಬ್ಬೂರಿನ ಹಳೆಯ ದೇಗುಲಗಳ ನೆರಳಿನಲ್ಲಿ ಮಧ್ಯಾಹ್ನದ ಬಿಸಿಲನ್ನು ಕಳೆಯಬಹುದು, ಆ ಹೊತ್ತಿನಲ್ಲಿ ಹಕ್ಕಿಗಳೂ ವಿರಮಿಸುತ್ತವೆ. ದೇವದುರ್ಗ ಬೇಡ ನಾಯಕರ ನೆಲೆಯಾಗಿದ್ದ ಊರು, ದಕ್ಷಿಣವೊಂದನ್ನು ಬಿಟ್ಟು ಸುತ್ತಲೂ ಗುಡ್ಡಗಳು. ಬಂಡೆಗಳ ನೆತ್ತಿಯನ್ನು ದುರ್ಬೀನಿನಲ್ಲಿ ನಿಧಾನವಾಗಿ ಜಾಲಾಡಬೇಕು. ದಖನ್ನಿನ ಇಂಥ ಕಲ್ಲುಗುಡ್ಡಗಳು ಶಾಹೀನ್ ಚಾಣಕ್ಕೂ ಬೊನೆಲ್ಲಿ ಹದ್ದಿಗೂ ಪ್ರಿಯವಾದವು. ಒಂದು ದಿನದಲ್ಲಿ ಕಂಡೇ ಕಾಣುತ್ತವೆಂದು ಯಾರೂ ಭರವಸೆ ಕೊಡಲಾರರು. ಗುಡ್ಡದ ತಪ್ಪಲಿನ ಜೋಳ, ತೊಗರಿ, ಹತ್ತಿಯ ಎರೆಹೊಲಗಳು, ಬೀಳುಬಿಟ್ಟ ಹುಲ್ಲುಗಾವಲುಗಳು ಇದಕ್ಕಿಂತ ಉದಾರ. ಸಂಜೆ 4 ಗಂಟೆಯ ನಂತರ ಇಂಥಲ್ಲಿ ನಿಂತವರಿಗೆ ಆಳೆತ್ತರದಲ್ಲಿ, ಪೈರನ್ನು ಸವರುವಂತೆ ಹಾರುವ ತೆಳುವಾದ ಹಕ್ಕಿಗಳು ಕಾಣಬಹುದು. ಬೂದುಬಣ್ಣದ ಗಂಡುಗಳು, ಸೊಂಟದಲ್ಲಿ ಬಿಳಿ ಮಚ್ಚೆಯ ಕಂದು ಹೆಣ್ಣುಗಳು. ರೆಕ್ಕೆಯ ಮೇಲೆ ಕಪ್ಪು ಗೆರೆಯಿದ್ದರೆ ಮೊಂಟಗು ಸೆಳೆವ, ತುದಿಯಲ್ಲಷ್ಟೇ ಕಪ್ಪು ಬೆಣೆಯಾಕಾರವಿದ್ದರೆ ಬಿಳಿ ಸೆಳೆವ. ಕಜಕಸ್ತಾನ ಮತ್ತು ರಷ್ಯದ ಹುಲ್ಲುಗಾಡುಗಳಲ್ಲಿ ಮರಿಮಾಡಿ, ಚಳಿಗಾಲ ಕಳೆಯಲು ಇಷ್ಟು ದೂರ ಬರುವ ಅತಿಥಿಗಳಿವು.

ಸೆಳೆವಗಳನ್ನು ಗಿಡುಗಪಾಲಕರು ಬಯಸಿದವರಲ್ಲ. ಅದರ ಹಾರಾಟ ನಿಧಾನ. ಎರಗುವ ವೇಗ ಅದಕ್ಕಿಲ್ಲ. ಹೊಲದ ಮೇಲೆ ಗಂಟೆಗಟ್ಟಲೆ ಹುಡುಕಿ ಮಿಡತೆ, ಇಲಿ, ಸಣ್ಣ ಹಕ್ಕಿಗಳನ್ನು ಹಿಡಿಯುವ ಸ್ವಭಾವ ಅರಸರ ವಿನೋದಕ್ಕೆ ಒಗ್ಗಲಿಲ್ಲ. ಬೇಟೆಯನ್ನು ಕಣ್ಣಿನ ಜೊತೆಗೆ ಕಿವಿಯಿಂದಲೂ ಹುಡುಕಬಲ್ಲ ಶಕ್ತಿ ಇವಕ್ಕಿದೆ, ಗೂಬೆಯಂಥ ದುಂಡು ಮುಖ ಅದಕ್ಕೆ ಸಹಾಯಕ. ರಾಯಚೂರು ಸೀಮೆಯ ಬಯಲುಗಳಲ್ಲಿ ನೋಡಲು ಅತ್ಯಂತ ತಕ್ಕ ಬೇಟೆಹಕ್ಕಿ ಹೀಗೆ ಯಾರ ಕೈಮೇಲೂ ಕೂರದ ಹಕ್ಕಿಯೇ ಆಗಿದೆ.

ಕುಗ್ಗುತ್ತಿರುವ ಹುಲ್ಲುಬಯಲು

ಹಗಲೆಲ್ಲ ಚದುರಿ ಬೇಟೆಯಾಡುವ ಸೆಳೆವಗಳು ಸೂರ್ಯಾಸ್ತಕ್ಕೆ ಎತ್ತರದ ಹುಲ್ಲಿರುವ ಬಯಲೊಂದರಲ್ಲಿ ಕೂಡಿ ನೆಲದ ಮೇಲೆಯೇ ಮಲಗುತ್ತವೆ. ಗುಜರಾತಿನ ವೇಳಾವದರದ ಬೀಡು ಇದಕ್ಕಾಗಿ ಹೆಸರಾಗಿದೆ. ರಾಯಚೂರಿನಿಂದ ಆಗ್ನೇಯಕ್ಕೆ, ಆಂಧ್ರದ ಕರ್ನೂಲು ಸೀಮೆಯ ರೋಳ್ಳಪಾಡು ದಖನ್ನಿನ ಪ್ರಮುಖ ಬೀಡಾಗಿತ್ತು. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ದೇಶದ ಬೀಡುಗಳ ಸುಮಾರು 30 ವರ್ಷಗಳ ಎಣಿಕೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿಗೆ ಬರುವ ಸೆಳೆವಗಳ ಸಂಖ್ಯೆ ಇಳಿಮುಖವಾಗಿದೆ ಎಂದು ಸೂಚಿಸಿತು. ಹುಲ್ಲುಗಾವಲನ್ನು ಸರ್ಕಾರಿ ದಾಖಲೆಗಳು ಬಹುಕಾಲ ಬಂಜರು ಎಂದೇ ಕರೆದವು. ಬಂಜರು ಎಂದ ಮೇಲೆ ಉಳುಮೆ, ನೀರಾವರಿ, ನೆಡುತೋಪು, ಇತ್ತೀಚೆಗೆ ಸೌರಫಲಕ ಯಾವುದು ಬಂದರೂ ಪ್ರಗತಿಯೇ. ತುಂಗಭದ್ರೆಯ ಆಚೆದಡದ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯ ಎರೆಲಡ್ಡು ಹಕ್ಕಿಗಳು ಅಳಿವಿನಂಚಿಗೆ ಬಂದ ಕಥೆಯೂ ಇದೇ.

ಹೀಗಿರುವುದರಿಂದ ಬೀಡು ಕಂಡವರು ದೂರದಲ್ಲೇ ನಿಲ್ಲುವುದು, ಕತ್ತಲಾದ ಮೇಲೆ ವಾಹನದ ಬೆಳಕು ಹಾಯಿಸದಿರುವುದು, ಸ್ಥಳದ ಗುರುತನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಾಕದಿರುವುದು ಅವಶ್ಯ. ಎಣಿಕೆ ಬರೆದಿಟ್ಟರೆ ಉಪಯೋಗ ಉಂಟು.

ಕೈಯಾರೆ ಕಲಿಯಬೇಕೆಂಬವರಿಗೆ

ಹೊರದೇಶಕ್ಕೆ ಹೋಗುವವರಿಗೆ ದಾರಿ ಮುಚ್ಚಿಲ್ಲ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರಿನ ನ್ಯೂವೆಂಟಿನಲ್ಲಿ 1967ರಲ್ಲಿ ಆರಂಭವಾದ ಬೇಟೆಹಕ್ಕಿಗಳ ಕೇಂದ್ರವು ಹೆಸರಾಂತದ್ದು. 1999ರಲ್ಲಿ ತೆರೆದ ಅಬುಧಾಬಿಯ ಫಾಲ್ಕನ್ ಆಸ್ಪತ್ರೆಯು ಪ್ರವಾಸಿಗರಿಗೂ ಬಾಗಿಲು ತೆರೆಯಿತು. ಇಂಥ ಪಾಠಗಳಲ್ಲಿ ಕೈಮೇಲೆ ಬರುವುದು ಸಾಮಾನ್ಯವಾಗಿ ಅಮೆರಿಕ ಮೂಲದ ಹ್ಯಾರಿಸ್ ಗಿಡುಗ. ಗುಂಪಿನಲ್ಲಿ ಬೇಟೆಯಾಡುವ ಅಪರೂಪದ ಜಾತಿಯಾದ್ದರಿಂದ ಅದು ಮನುಷ್ಯರ ಸಹವಾಸಕ್ಕೆ ಬೇಗ ಒಗ್ಗುತ್ತದೆ. ಪಂಜರದಲ್ಲಿ ಹುಟ್ಟಿದ ಹಕ್ಕಿಯೇ, ಕಾಲಿಗೆ ಗುರುತಿನ ಉಂಗುರವಿದೆಯೇ ಎಂದು ಕೇಳುವುದು ಒಳಿತು. ಗಡಿನಾಡುಗಳಲ್ಲಿ ಹಿಡಿದು ಮಾರಿದ ಸೇಕರ್ ಚಾಣಗಳು ಕೊಲ್ಲಿಯ ಹವ್ಯಾಸಕ್ಕೆ ಬಲಿಯಾಗಿ ಆ ಜಾತಿಯೇ ಅಪಾಯದಂಚಿನಲ್ಲಿದೆ.

ಗಿಡುಗಪಾಲಕರ ಪರವಾಗಿಯೂ ಒಂದು ಮಾತು ಸಲ್ಲಬೇಕು. ಡಿಡಿಟಿ ಕೀಟನಾಶಕದಿಂದ ಮೊಟ್ಟೆಯ ಚಿಪ್ಪು ತೆಳುವಾಗಿ ಅಮೆರಿಕದ ಪೂರ್ವಭಾಗದಲ್ಲಿ ಬೈರಿ ನಿರ್ನಾಮವಾದಾಗ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಸ್ವತಃ ಗಿಡುಗಪಾಲಕರಾಗಿದ್ದ ಟಾಮ್ ಕೇಡ್ 1970ರಲ್ಲಿ ಪೆರೆಗ್ರಿನ್ ಫಂಡ್ ಸ್ಥಾಪಿಸಿದರು. ಮರಿಗಳನ್ನು ಎತ್ತರದ ಕಟ್ಟೆಯಲ್ಲಿಟ್ಟು, ಕಾಣದಂತೆ ಉಣಿಸಿ, ತಾವಾಗಿ ಹಾರುವತನಕ ಕಾಯುವ ಅವರ ವಿಧಾನ ಹಳೆಯ ಗಿಡುಗಪಾಲಕರದ್ದೇ. 1972ರಲ್ಲಿ ಅಲ್ಲಿ ಡಿಡಿಟಿ ನಿಷೇಧವಾಯಿತು, 1999ರಲ್ಲಿ ಬೈರಿಯನ್ನು ಅಪಾಯದ ಪಟ್ಟಿಯಿಂದ ಕೈಬಿಡಲಾಯಿತು.

ನಮ್ಮಲ್ಲಿ ಈ ಕೈಚಳಕ ಇಂದು ಬಳಕೆಯಾಗುತ್ತಿರುವುದು ಪಕ್ಷಿ ಚಿಕಿತ್ಸಾಲಯಗಳಲ್ಲಿ. ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಕೊಯ್ದುಕೊಂಡ ಹದ್ದನ್ನು ಮತ್ತೆ ಹಾರುವಂತೆ ಮಾಡಲು ಕೈಗವಸು, ತಕ್ಕಡಿ, ಉದ್ದನೆಯ ದಾರ ಎಲ್ಲವೂ ಬೇಕು. ಗಾಯಗೊಂಡ ಬೇಟೆಹಕ್ಕಿ ಸಿಕ್ಕವರು ಅದರ ಮೇಲೆ ದಪ್ಪ ಬಟ್ಟೆ ಹೊದಿಸಿ, ಕಾಲುಗಳನ್ನು ಭದ್ರವಾಗಿ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲಾಗಿಟ್ಟು, ನೀರು ಕುಡಿಸಲು ಯತ್ನಿಸದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ತಿಳಿಸಬಹುದು. ಕೊಕ್ಕಿಗಿಂತ ಉಗುರಿನ ಬಗ್ಗೆ ಎಚ್ಚರವಿರಲಿ.